ಮುದ್ದೆ ಎಷ್ಟು ಕಪ್?

ಸಂಪಾದಕರೇ,

ಫೋನ್ ತೆಗೆದರೆ ಸಾಕು, ಬಿಪಿ, ಶುಗರ್, ಹೊಟ್ಟೆ ಎಲ್ಲವನ್ನೂ ಮೂರು ತಿಂಗಳಲ್ಲಿ ಇಳಿಸಿಕೊಡ್ತೀವಿ ಅನ್ನೋ ಜಾಹೀರಾತು. ಹೋದ ವರ್ಷ ನಾನೂ ದುಡ್ಡು ಕಟ್ಟಿ ಅಂಥದ್ದೊಂದಕ್ಕೆ ಸೇರಿದೆ. ಡಾಕ್ಟರ್ ರಿಪೋರ್ಟ್ ನೋಡಿ ‘ಮೆಟಬಾಲಿಕ್ ಸಿಂಡ್ರೋಮ್’ ಅಂದಿದ್ದರು. ಸೊಂಟದ ಸುತ್ತಳತೆ (ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80), ಬಿಪಿ, ಖಾಲಿ ಹೊಟ್ಟೆಯ ಶುಗರ್, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಒಂದು ಬಗೆಯ ಕೊಬ್ಬು), ಒಳ್ಳೆಯ ಕೊಲೆಸ್ಟ್ರಾಲ್, ಈ ಐದರಲ್ಲಿ ಮೂರು ಹದ ತಪ್ಪಿದರೆ ಆ ಹೆಸರು. ನನ್ನದು ನಾಲ್ಕು ತಪ್ಪಿತ್ತು. ಪ್ಯಾಂಟ್ ಸೈಜು 34 ತಾನೇ ಅಂತ ಧೈರ್ಯವಾಗಿದ್ದೆ, ಹೊಕ್ಕಳ ಮಟ್ಟಕ್ಕೆ ಟೇಪ್ ಹಿಡಿದರೆ 98 ಸೆಂ.ಮೀ.! ಪ್ಯಾಂಟನ್ನು ನಾವು ಹೊಟ್ಟೆಯ ಕೆಳಗೆ ತಾನೇ ಕಟ್ಟೋದು.

ತಿಂದಿದ್ದನ್ನೆಲ್ಲ ಆ್ಯಪ್‌ನಲ್ಲಿ ಬರೆಯಬೇಕು. ಮುದ್ದೆ ಅಂತ ಹುಡುಕಿದರೆ ಇಲ್ಲ. ಕೋಚ್ ಹುಡುಗಿ ‘ರಾಗಿ ಪಾರಿಡ್ಜ್ ಅಂತ ಹಾಕಿ ಸರ್, ಎಷ್ಟು ಕಪ್?’ ಅಂದಳು. ಮುದ್ದೆಯನ್ನು ಯಾರು ಕಪ್ಪಲ್ಲಿ ಅಳೀತಾರೆ? ಕೊನೆಗೆ ನನ್ನ ಹೆಂಡತಿ ತಕ್ಕಡಿಯಲ್ಲಿಟ್ಟು ನೋಡಿದಳು, ಒಂದು ಮುದ್ದೆ 310 ಗ್ರಾಂ. ರಾತ್ರಿ ನಾನು ಎರಡು ನುಂಗುತ್ತಿದ್ದೆ, ಮೇಲೆ ಅನ್ನ ಬೇರೆ. ರಾಗಿ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದೇವಲ್ಲ, ಆ ಭ್ರಮೆ ಅವತ್ತು ಬಿಡ್ತು.

ಫೋನಿನಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 537 ಗಂಡಸರಿದ್ದರು. ಎಲ್ಲರಿಗೂ ಮೊದಲು ಒಂದಿಷ್ಟು ಸಲಹೆ ಕೊಟ್ಟು, ಸುಮಾರು ಅರ್ಧ ಜನಕ್ಕೆ ಮಾತ್ರ ಊಟ, ವ್ಯಾಯಾಮದ ಬಗ್ಗೆ ಮೊಬೈಲಿಗೆ ಆಗಾಗ ಎಸ್‌ಎಂಎಸ್ ಕಳಿಸುತ್ತಿದ್ದರು. ಎರಡು ವರ್ಷದಲ್ಲಿ ಎಸ್‌ಎಂಎಸ್ ಬಂದವರಲ್ಲಿ ಶೇ 18 ಮಂದಿಗೆ ಕಾಯಿಲೆ ಬಂತು, ಉಳಿದವರಲ್ಲಿ ಶೇ 27. ಸಾವಿರಾರು ರೂಪಾಯಿಯ ಪ್ಯಾಕೇಜ್ ಇಲ್ಲ, ಕೋಚ್ ಇಲ್ಲ.

30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ಹೇಗೂ ನೋಡ್ತಾರೆ. ಹದ ತಪ್ಪಿದವರನ್ನು ಕೇಳಿ ನಂಬರ್ ತಗೊಂಡು, ವಾರಕ್ಕೆರಡು ಮೆಸೇಜನ್ನು ಆರೋಗ್ಯ ಇಲಾಖೆಯೇ ಕನ್ನಡದಲ್ಲಿ ಕಳಿಸಲಿ. ‘ರಾತ್ರಿ ಒಂದೇ ಮುದ್ದೆ, ಅದೂ ಚಿಕ್ಕದು, ಸೊಪ್ಪು ಜಾಸ್ತಿ, ಉಂಡ ಮೇಲೆ ಬೀದಿ ಕೊನೆವರೆಗೆ ಹೋಗಿ ಬನ್ನಿ’ ಅಂತ, ನಮ್ಮ ಮನೆ ಮಾತಲ್ಲಿ. ಓದಲು ಬಾರದವರಿಗೆ ಅದನ್ನೇ ಕರೆ ಮಾಡಿ ಕೇಳಿಸಲಿ. ಲೋನ್ ಬೇಕಾ ಅಂತ ರೆಕಾರ್ಡ್ ಮಾಡಿದ ಕರೆ ನಮ್ಮಮ್ಮನಿಗೆ ದಿನಕ್ಕೆ ನಾಲ್ಕು ಬರುತ್ತೆ, ಅದೂ ಚೊಕ್ಕ ಕನ್ನಡದಲ್ಲಿ.

— ಒಬ್ಬ ಓದುಗ, ತುಮಕೂರು