ಲೆಕ್ಕಕ್ಕೆ ಹೆದರಬೇಡ, ಪುಟ್ಟಿ

ಮಡಿಕೇರಿ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಬಿ.ಎಸ್ಸಿ.ಯಲ್ಲೂ ಲೆಕ್ಕ ಬಂತು ಅಂತ ಫೋನಿನಲ್ಲಿ ಕಣ್ಣೀರು ಹಾಕಿದೆಯಂತೆ. ಅಪ್ಪ ಹೇಳಿದ. "ಲೆಕ್ಕ ಬೇಡ ಅಂತಲೇ ಬಯಾಲಜಿ ತಗೊಂಡೆ" ಅಂದೆಯಂತೆ. ಕೇಳಿ ನನಗೆ ಬೇಸರವಾಯಿತು. ನಿನಗೆ ಲೆಕ್ಕ ಬರುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಏಳು ವರ್ಷದವಳಿದ್ದಾಗ, ಮಳೆಗಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕಣದ ಹತ್ತಿರ ಓಡಿ, ಮಳೆಮಾಪಕ ನೋಡಿ "ಎರಡು ಇಂಚು ಮೂವತ್ತು ಸೆಂಟ್ಸ್" ಅಂತ ಅಲ್ಲಿಂದಲೇ ಕೂಗುತ್ತಿದ್ದೆ. ಇಂಚಿಗೆ ನೂರು ಸೆಂಟ್ಸ್ ಅಂತ ಗೊತ್ತಿದ್ದ ನಿನಗೆ, ಶಾಲೆಯಲ್ಲಿ ದಶಮಾಂಶ ಬಂದಾಗ ಯಾರೂ ಹೇಳಿಕೊಡಬೇಕಾಗಲಿಲ್ಲ.

ಈಗ ತೊಡಕಾಗಿರುವುದು ಲಾಗರಿದಮ್, ಅಂದರೆ ಒಂದು ಸಂಖ್ಯೆ ಹತ್ತರ ಎಷ್ಟನೇ ಘಾತ ಅಂತ ಹೇಳುವ ಲೆಕ್ಕ, ಅಲ್ವಾ? ನಮ್ಮ ತೋಟದ ಮಣ್ಣನ್ನೇ ತಗೋ. ಮೊದಲ ಸಲ ಮಣ್ಣು ಪರೀಕ್ಷೆಯ ರಿಪೋರ್ಟ್ ಬಂದಾಗ ಮೇಲಿನ ತೋಟದ ಪಿಎಚ್ 6, ಹೊಳೆ ಬದಿಯದು 5 ಅಂತ ಇತ್ತು. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಒಂದೇ ಅಂಕಿ ವ್ಯತ್ಯಾಸ, ಏನಾಗುತ್ತೆ ಅಂತ ನಾನು ಸುಮ್ನೆ ಬಿಟ್ಟೆ. ತಪ್ಪು ಮಾಡಿದೆ. ಹೊಳೆ ಬದಿಯ ಮಣ್ಣು ಹತ್ತು ಪಟ್ಟು ಜಾಸ್ತಿ ಹುಳಿ. ಪಿಎಚ್ 6 ಅಂದರೆ ಲೀಟರಿಗೆ 0.000001 ಮೋಲ್ (ಕಣಗಳನ್ನು ಎಣಿಸುವ ಅಳತೆ) ಹೈಡ್ರೋಜನ್ ಅಯಾನು, 5 ಅಂದರೆ 0.00001. ಹುಳಿ ತರುವುದು ಈ ಅಯಾನುಗಳೇ. ಇಷ್ಟು ಸೊನ್ನೆ ಬರೆಯುವ ಬದಲು ಒಂದು ಸಣ್ಣ ಅಂಕಿ ಸಾಕು ಅಂತ ಲಾಗ್ ಬಳಸಿ ಈ ಅಳತೆ ಮಾಡಿದವರು ಡೆನ್ಮಾರ್ಕಿನ ಸೋರೆನ್‌ಸೆನ್, 1909ರಲ್ಲಿ. ಅವರು ಆಗ ಕೆಲಸ ಮಾಡುತ್ತಿದ್ದದ್ದು ಜೀವಿಗಳೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕು ಮಾಡುವ ಎನ್‌ಜೈಮ್‌ಗಳ ಮೇಲೆ, ಅಂದರೆ ನಿನ್ನ ವಿಷಯದ ಮೇಲೆಯೇ.

ಹಾಗಾಗಿ ಪಿಎಚ್ ಅಂಕಿಗಳನ್ನು ಸುಮ್ನೆ ಕೂಡಿಸಿ ಎರಡರಿಂದ ಭಾಗಿಸಬೇಡ. ತೀರಾ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಬೀಕರಿನಲ್ಲಿದೆ, ಒಂದರ ಪಿಎಚ್ 4, ಇನ್ನೊಂದರದು 6. ಸಮ ಸಮ ಬೆರೆಸಿದರೆ 5 ಬರುವುದಿಲ್ಲ, ಸುಮಾರು 4.3 ಬರುತ್ತದೆ.

ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಕೂಡ ಬಟಾಣಿ ಬೆಳೆಸಿ ಅಷ್ಟಕ್ಕೇ ಬಿಡಲಿಲ್ಲ. ಕೂತು ಎಣಿಸಿದರು. ದುಂಡನೆಯವು 5474, ಸುಕ್ಕಾದವು 1850. ಭಾಗಿಸು, 2.96 ಬರುತ್ತದೆ, ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಅವರ ನಿಯಮಕ್ಕೆ ದಾರಿ ತೋರಿಸಿದ್ದು ಇಂಥ ಅನುಪಾತವೇ. ಆ ಭಾಗಾಕಾರ ಮಾಡದೆ ಇದ್ದಿದ್ದರೆ ಅವರ ಕೈಯಲ್ಲಿ ಉಳಿಯುತ್ತಿದ್ದದ್ದು ಬರೀ ಬಟಾಣಿ.

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಉತ್ತರ ಎಷ್ಟಿರಬಹುದು ಅಂತ ಅಂದಾಜು ಬರೆದುಕೋ. ಲ್ಯಾಬಿನಲ್ಲಿ ಹತ್ತು ಪಟ್ಟು ತೆಳು ಮಾಡು ಅಂದರೆ 1 ಎಂಎಲ್‌ಗೆ 9 ಎಂಎಲ್ ನೀರು. 10 ಹಾಕಿದರೆ ಹನ್ನೊಂದು ಪಟ್ಟಾಗುತ್ತದೆ. ಇಂಥ ಕಡೆಯೇ ಕೈ ತಪ್ಪುವುದು.

ಆ 4.3 ಹೇಗೆ ಬಂತು ಅಂತ ನಾನು ಬೇಕಂತಲೇ ಬಿಡಿಸಿಲ್ಲ. ನೀನೇ ಬಿಡಿಸಿ ಕಾಗದದ ಫೋಟೋ ಕಳಿಸು. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿವರೆಗಿನದ್ದನ್ನೇ ಕಳಿಸು, ರಾತ್ರಿ ಫೋನ್ ಮಾಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ