200 ಕಿ.ಮೀ. ಗುರಿಯನ್ನು 20ಕ್ಕೆ ಇಳಿಸಬೇಕಿಲ್ಲ

ಮಾನ್ಯರೆ,

ಸೈಕಲ್ ತುಳಿಯಲು ಹೊರಟ ಹೊಸಬರಿಗೆ ಎಲ್ಲರೂ ಹೇಳುವ ಮಾತು ಒಂದೇ: ಕೈಗೆಟುಕುವ ಗುರಿ ಇಟ್ಟುಕೊಳ್ಳಿ, ಬೆಳಗ್ಗೆ ಗೋಳಗುಮ್ಮಟದವರೆಗೆ ಹೋಗಿಬಂದರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸಾಲದ ವಿಷಯಕ್ಕೆ ಸರಿ, ಮೈ ಪಳಗಿಸುವುದಕ್ಕಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗಿ ಅದೇ ದಿನ ಮರಳುವುದೆಂದರೆ ಸುಮಾರು 200 ಕಿ.ಮೀ. ಕೇಳಿದವರು ನಗುತ್ತಾರೆ. ಆದರೆ ಆರೋಗ್ಯವಾಗಿರುವ ಯಾವ ಗುಮಾಸ್ತರೂ ಶಿಕ್ಷಕಿಯೂ ಐದು ತಿಂಗಳಲ್ಲಿ ಇದಕ್ಕೆ ಸಿದ್ಧರಾಗಬಹುದು.

ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್‌ನ ನಿಯಮದಂತೆ ನಮ್ಮ ದೇಶದಲ್ಲೂ ನಡೆಯುವ ‘ಬ್ರೆವೆ’ ಎಂಬ ದೂರದ ಸೈಕಲ್ ಸವಾರಿಗಳಲ್ಲಿ 200 ಕಿ.ಮೀ.ಗೆ ಕೊಡುವ ಅವಧಿ 13 ಗಂಟೆ 30 ನಿಮಿಷ. ಮೊದಲನೆಯವರು, ಎರಡನೆಯವರು ಎಂಬ ಲೆಕ್ಕವಿಲ್ಲ, ಸಮಯದೊಳಗೆ ಮುಗಿಸಿದರಾಯಿತು. ಗಂಟೆಗೆ 20 ಕಿ.ಮೀ. ತುಳಿದರೆ 10 ಗಂಟೆ ಸಾಕು. ಚಹಾ, ಊಟ, ಪಂಕ್ಚರಿಗೆಂದು ಮೂರೂವರೆ ಗಂಟೆ ಮಿಗುತ್ತದೆ. ಹೀಗೆ ಬಿಡಿಸಿ ನೋಡುವವರು ಕಡಿಮೆ, 200 ಎಂಬ ಅಂಕಿಗೇ ಹೆದರುವವರು ಹೆಚ್ಚು.

ಡಿಸೆಂಬರ್ ಕೊನೆಗೆ ಸವಾರಿ ಇಟ್ಟುಕೊಂಡರೆ ಆಗಸ್ಟ್ ಮೊದಲ ವಾರ ಶುರುಮಾಡಬೇಕು. ವಾರದ ನಡುವೆ ಎರಡು ದಿನ ಒಂದೊಂದು ಗಂಟೆ, ಭಾನುವಾರ ಉದ್ದ ಸವಾರಿ. ಮೊದಲ ಭಾನುವಾರ 30 ಕಿ.ಮೀ., ಆಮೇಲೆ ವಾರಕ್ಕೆ 8ರಿಂದ 10 ಕಿ.ಮೀ. ಏರಿಸಿ, ಪ್ರತಿ ನಾಲ್ಕನೆಯ ವಾರ ಮಾತ್ರ ದೂರವನ್ನು ಸುಮಾರು ಅರ್ಧಕ್ಕೆ ಇಳಿಸಿ. ಈ ಇಳಿಕೆಯನ್ನು ಸೋಮಾರಿತನ ಎಂದುಕೊಂಡು ಬಿಟ್ಟವರೇ ಮೂರನೆಯ ತಿಂಗಳಿಗೆ ಮಂಡಿ ಹಿಡಿದು ಕೂರುತ್ತಾರೆ. ಹೀಗೆ ಹೋದರೆ ಆಗಸ್ಟಿನಲ್ಲಿ 45, ಸೆಪ್ಟೆಂಬರಿನಲ್ಲಿ 70, ಅಕ್ಟೋಬರಿನಲ್ಲಿ 95, ನವೆಂಬರಿನಲ್ಲಿ 125, ಡಿಸೆಂಬರ್ ಆರಂಭಕ್ಕೆ 150 ಮುಟ್ಟುತ್ತೀರಿ. ಅಲ್ಲಿಗೆ ನಿಲ್ಲಿಸಿ. ಅಭ್ಯಾಸದಲ್ಲಿ 200 ತುಳಿಯಬೇಕಿಲ್ಲ. ಕೊನೆಯ ಎರಡು ವಾರ ದೂರ ಇಳಿಸುತ್ತ ಬನ್ನಿ. ವೇಗದ ಅಳತೆ ಸುಲಭ: ತುಳಿಯುತ್ತಲೇ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಏದುಸಿರು ಬಂದರೆ ಗೇರ್ ಹಗುರ ಮಾಡಿ, ಪೆಡಲು ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಲಿ. ಭಾರದ ಗೇರಿನಲ್ಲಿ ಬಲ ಪ್ರದರ್ಶಿಸಿದರೆ ಪೆಟ್ಟು ಬೀಳುವುದು ಮಂಡಿಗೆ.

ಆಗಸ್ಟ್–ಸೆಪ್ಟೆಂಬರಿನಲ್ಲಿ ನೈರುತ್ಯದ ಗಾಳಿ ಜೋರು. ಸೊಲ್ಲಾಪುರದ ಕಡೆಗೆ ಹೋಗುವಾಗ ರೆಕ್ಕೆ ಬಂದಂತಿರುತ್ತದೆ, ಮರಳುವಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ. ಆ ತಿಂಗಳುಗಳಲ್ಲಿ ಬಬಲೇಶ್ವರದ ದಾರಿ ಹಿಡಿಯಿರಿ, ಕಸುವಿರುವಾಗ ಗಾಳಿಗೆ ಎದುರು ಹೋಗಿ ದಣಿದಾಗ ಗಾಳಿಯೊಂದಿಗೆ ಬರಬಹುದು.

ದೊಡ್ಡ ಗುರಿಯ ನಿಜವಾದ ಲಾಭ ಇಲ್ಲಿದೆ: 20 ಕಿ.ಮೀ.ಯಲ್ಲಿ ಕಾಣದ ತಪ್ಪೆಲ್ಲ 100ರ ಆಚೆ ಎದ್ದು ಕಾಣುತ್ತದೆ. ಸೀಟಿನ ಎತ್ತರವನ್ನೇ ನೋಡಿ. ಪೆಡಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಮುಂಗಾಲಿಟ್ಟು ತುಳಿಯುವಾಗ ಮಂಡಿ ತುಸು ಬಾಗಿರಬೇಕು. ಮಂಡಿಯ ಮುಂದೆ ನೋವಿದ್ದರೆ ಸೀಟು ಹೆಚ್ಚಾಗಿ ತಗ್ಗಿರುತ್ತದೆ, ಹಿಂದೆ ನೋವಿದ್ದರೆ ಎತ್ತರವಾಗಿರುತ್ತದೆ. ಒಮ್ಮೆಗೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬದಲಿಸಬೇಡಿ. ಅಂಗೈ ಜೋಮು ಹಿಡಿಯುತ್ತಿದ್ದರೆ ಸೀಟಿನ ಮೂತಿ ಕೆಳಗೆ ಬಾಗಿದೆಯೇ ನೋಡಿ.

ಊಟದ ವಿಷಯದಲ್ಲಿ ನಮ್ಮವರು ಎಡವುವುದೇ ಹೆಚ್ಚು. ಹಸಿವಾದ ಮೇಲೆ ತಿನ್ನುವುದೆಂದರೆ ತಡವಾಯಿತೆಂದೇ ಲೆಕ್ಕ. ಮೈಯಲ್ಲಿನ ಸಕ್ಕರೆಯ ದಾಸ್ತಾನು ಕೆಲವೇ ಗಂಟೆಗೆ ತೀರುತ್ತದೆ, ಆಮೇಲೆ ಕಾಲು ಏಳುವುದಿಲ್ಲ. ಮೊದಲ ಗಂಟೆಯಿಂದಲೇ ಪ್ರತಿ 40 ನಿಮಿಷಕ್ಕೆ ಒಂದು ಬಾಳೆಹಣ್ಣು, ಇಲ್ಲವೇ ನಾಲ್ಕು ಖರ್ಜೂರ, ಇಲ್ಲವೇ ಬೆಲ್ಲದ ತುಂಡು ತಿನ್ನಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲೇ ಕಲಸಿದ ಓಆರ್‌ಎಸ್ ಅಥವಾ ಉಪ್ಪು–ಸಕ್ಕರೆ ಹಾಕಿದ ಇಂಡಿ ಲಿಂಬೆಯ ಶರಬತ್ತು. ಶೇಂಗಾ ಹೋಳಿಗೆ ಒಳ್ಳೆಯದೇ, ಆದರೆ ಎಣ್ಣೆಯಂಶದಿಂದಾಗಿ ನಿಧಾನಕ್ಕೆ ಜೀರ್ಣವಾಗುತ್ತದೆ. ಕುಳಿತು ಸುಧಾರಿಸಿಕೊಳ್ಳುವಾಗ ತಿನ್ನಿ. ದಾರಿಬದಿಯ ಮಿರ್ಚಿ ಭಜಿಯನ್ನು ಮನೆಗೆ ಬಂದ ಮೇಲೆ ನೋಡಿಕೊಂಡರಾಯಿತು!

ಜಾಲಿಮುಳ್ಳಿನ ನಾಡು ನಮ್ಮದು. ಎರಡು ಟ್ಯೂಬು, ಎರಡು ಟಯರ್ ಲಿವರ್, ಪಂಪು ಜೊತೆಗಿರಲಿ. ಹೊಸ ಟ್ಯೂಬು ಹಾಕುವ ಮುನ್ನ ಟಯರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸುತ್ತಲೂ ಸವರಿ ನೋಡಿ. ಮುರಿದ ಮುಳ್ಳಿನ ತುದಿ ಒಳಗೇ ಉಳಿದಿದ್ದರೆ ಹತ್ತು ನಿಮಿಷಕ್ಕೆ ಹೊಸ ಟ್ಯೂಬಿನ ಹವಾ ಕೂಡ ಹೋಗುತ್ತದೆ. ಹೆಲ್ಮೆಟ್, ಮುಂದೆ–ಹಿಂದೆ ಲೈಟು, ಹೊಳೆಯುವ ಜಾಕೆಟ್ ಇಲ್ಲದೆ ಹೆದ್ದಾರಿಗೆ ಇಳಿಯಲೇಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಶುರುವಿಗೆ ಮುನ್ನ ವೈದ್ಯರನ್ನು ಕಾಣಬೇಕು.

ಸವಾರಿಯ ದಿನ ಬೆಳಗ್ಗೆ 6ಕ್ಕೆ ಹೊರಟು ಹೊರ್ತಿ, ಝಳಕಿ, ಧೂಳಖೇಡದ ಭೀಮಾ ಸೇತುವೆ ದಾಟಿ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಸೊಲ್ಲಾಪುರ ಮುಟ್ಟಿದರೆ ಸಮಯ ಕೈಯಲ್ಲಿದೆ. ಒಂದೂವರೆ ದಾಟಿದರೆ ಮರಳುವ ದಾರಿ ಕತ್ತಲಿಗೆ ಸಿಕ್ಕುತ್ತದೆ. ಆಗ ಹಟ ಬೇಡ, ಮನೆಗೆ ಫೋನ್ ಮಾಡಿ ಗಾಡಿ ತರಿಸಿಕೊಳ್ಳಿ.

— ಕೆಲವು ಸೈಕಲ್ ಸವಾರರು, ವಿಜಯಪುರ