ಕೆತ್ತನೆ ತರಗತಿಯ ಉಳಿಗಳ ಕುರಿತು ಪಾಲಕರಿಗೆ ಪತ್ರ

ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳ ಮಾನ್ಯ ಪಾಲಕರಿಗೆ,

ನಮಸ್ಕಾರಗಳು.

ಕಳೆದ ವಾರ ಲೋಹದ ಕೆತ್ತನೆ ತರಗತಿಯಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಎಡಗೈ ಹೆಬ್ಬೆರಳಿಗೆ ಉಳಿ ತಾಗಿ ಗಾಯವಾದದ್ದು ತಮಗೆಲ್ಲ ತಿಳಿದಿದೆ. ಎರಡು ಹೊಲಿಗೆ ಹಾಕಿಸಲಾಯಿತು. ಹುಡುಗ ಮರುದಿನವೇ ಶಾಲೆಗೆ ಬಂದಿದ್ದಾನೆ. ಆ ಬಳಿಕ ಹಲವು ಪಾಲಕರು ಸಹಿ ಮಾಡಿ ಕೊಟ್ಟ ಮನವಿಯನ್ನು ಪೂರ್ತಿಯಾಗಿ ಓದಿದ್ದೇನೆ. ಮಕ್ಕಳ ಕೈಗೆ ಹರಿತವಾದ ಉಳಿ ಕೊಡಬಾರದು, ಕೊಡಲೇಬೇಕೆಂದರೆ ಮೊಂಡು ಮಾಡಿ ಕೊಡಿ, ಇಲ್ಲವೇ ಪಾತ್ರೆ ಅಂಗಡಿಯವರು ಹೆಸರು ಹಾಕುವ ವಿದ್ಯುತ್ ಯಂತ್ರವನ್ನು ತರಿಸಿ ಎಂಬುದು ಅದರ ಸಾರ. ಈ ಆತಂಕ ಸಹಜವಾದದ್ದು, ಅದನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಆದರೆ ಮೊಂಡು ಉಳಿಯ ಸಲಹೆಯನ್ನು ಶಾಲೆ ಒಪ್ಪಲು ಸಾಧ್ಯವಿಲ್ಲ. ಏಕೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಅಂದು ಗಾಯ ಮಾಡಿದ್ದು ಹರಿತವಾದ ಉಳಿಯಲ್ಲ. ಅದರ ತುದಿ ಕಣ್ಣಿಗೆ ಕಾಣದಷ್ಟು ಮುರಿದಿತ್ತು. ಹರಿತವಾದ ತುದಿ ತಾಮ್ರವನ್ನು ಕಚ್ಚಿಕೊಂಡು, ಅಂಗೈಯಿಂದ ಮೆಲ್ಲಗೆ ಒತ್ತಿದರೂ ಮುಂದೆ ಸಾಗುತ್ತ, ಲೋಹದ ತೆಳ್ಳನೆಯ ಸುರುಳಿಯೊಂದನ್ನು ಎಬ್ಬಿಸುತ್ತದೆ. ಮೊಂಡಾದ ತುದಿ ಕಚ್ಚುವುದಿಲ್ಲ. ಆಗ ಮಗು ಇನ್ನಷ್ಟು ಬಲ ಹಾಕುತ್ತದೆ, ಹಾಕಿದ ಬಲವೆಲ್ಲ ಒಮ್ಮೆಲೇ ತಪ್ಪಿ ಉಳಿಯು ತಗಡಿನ ಮೇಲಿಂದ ಜಾರುತ್ತದೆ, ಎದುರಿಗಿರುವ ಕೈಗೆ ಹೋಗಿ ನಾಟುತ್ತದೆ. ಮೊಂಡಾದ ಈಳಿಗೆಯಲ್ಲಿ ಕುಂಬಳಕಾಯಿ ಹೆಚ್ಚಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದಲೇ ನಮ್ಮಲ್ಲಿ ಮೊದಲ ಪಾಠ ಕೆತ್ತನೆಯದಲ್ಲ, ಸಾಣೆಯದು. ಪತ್ತಾರ ಕೆಲಸದಲ್ಲಿ ನುರಿತ ನಮ್ಮ ಶಿಕ್ಷಕರು ಉಳಿಯ ಮುಖವನ್ನು 45 ಡಿಗ್ರಿಗೂ, ತುದಿಯ ಅಡಿಭಾಗದ ಪುಟ್ಟ ಇಳಿಜಾರನ್ನು ಸುಮಾರು 15 ಡಿಗ್ರಿಗೂ ಮಸೆಯುವುದನ್ನು ಕಲಿಸದೆ ತಾಮ್ರದ ತಗಡನ್ನು ಮುಟ್ಟಗೊಡುವುದಿಲ್ಲ. ‘ನನ್ನ ಮಗಳು ಇಷ್ಟು ದಿನ ಬರೀ ಕಲ್ಲು ಉಜ್ಜಿದ್ದಾಳೆ’ ಎಂದು ತಾಯಿಯೊಬ್ಬರು ಬೇಸರಿಸಿಕೊಂಡಿದ್ದರು. ಆ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಆ ಹುಡುಗಿ ಈಗ ತುದಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಅದು ಬೆಳಕಿಗೆ ಮಿನುಗುತ್ತಿದೆಯೇ ಎಂದು ತಾನೇ ನೋಡಬಲ್ಲಳು. ತುದಿ ಮಿನುಗಿದರೆ ಅಲ್ಲಿ ಮೊಂಡಾಗಿದೆ ಎಂದೇ ಅರ್ಥ; ಸರಿಯಾಗಿ ಮಸೆದ ತುದಿಯಲ್ಲಿ ಬೆಳಕು ನಿಲ್ಲಲು ಜಾಗವೇ ಇರುವುದಿಲ್ಲ.

ಹಿಡಿಯುವ ಕ್ರಮಕ್ಕೂ ಇಷ್ಟೇ ಮಹತ್ವವಿದೆ. ಅಣಬೆಯಾಕಾರದ ಮರದ ಹಿಡಿ ಅಂಗೈಯಲ್ಲಿ ಕೂರಬೇಕು, ಅದೇ ಕೈಯ ಹೆಬ್ಬೆರಳು ತಗಡಿನ ಮೇಲೆ ಊರಿ ತಡೆಯಾಗಿ ನಿಲ್ಲಬೇಕು, ಇನ್ನೊಂದು ಕೈ ಎಂದಿಗೂ ತುದಿಯ ಮುಂದೆ ಬರಬಾರದು. ಉಳಿಯನ್ನು ಹೆಚ್ಚು ಎತ್ತಿದರೆ ತುದಿ ಆಳಕ್ಕಿಳಿದು ಸಿಕ್ಕಿಕೊಳ್ಳುತ್ತದೆ, ತೀರ ತಗ್ಗಿಸಿದರೆ ಮೇಲೆಯೇ ಜಾರುತ್ತದೆ. ಬಾಗಿದ ಗೆರೆ ಬಂದಾಗ ತಿರುಗಬೇಕಾದದ್ದು ಮುಖ್ಯವಾಗಿ ತಗಡು; ಅದಕ್ಕಾಗಿಯೇ ಅದನ್ನು ಮರದ ತುಂಡಿಗೆ ಅರಗಿನಿಂದ ಅಂಟಿಸಿ, ತಿರುಗುವ ವೈಸಿನಲ್ಲಿ ಬಿಗಿಯಲಾಗುತ್ತದೆ. ನೋಡಲು ಸುಲಭವೆನಿಸುವ ಸೊನ್ನೆಯೇ ಮಕ್ಕಳಿಗೆ ಅತಿ ಕಷ್ಟ, ಕನ್ನಡದ ಅಕ್ಷರಗಳಲ್ಲಂತೂ ನೇರಗೆರೆಗಿಂತ ದುಂಡೇ ಹೆಚ್ಚು.

ಯಂತ್ರದ ವಿಷಯ. ಮದುವೆಯ ಉಡುಗೊರೆಯ ಸ್ಟೀಲ್ ಪಾತ್ರೆಗೆ ಹೆಸರು ಹಾಕಲು ಅದು ಸಾಕು, ಅದರ ಮೇಲೆ ನಮಗೇನೂ ದ್ವೇಷವಿಲ್ಲ. ಆದರೆ ಅದರ ಸೂಜಿ ಲೋಹವನ್ನು ಚುಕ್ಕೆ ಚುಕ್ಕೆಯಾಗಿ ಕುಟ್ಟುತ್ತದೆಯೇ ಹೊರತು ಕೊರೆದು ತೆಗೆಯುವುದಿಲ್ಲ. ಒಂದೇ ಗೆರೆಯನ್ನು ತೆಳ್ಳಗೆ ಆರಂಭಿಸಿ, ನಡುವೆ ದಪ್ಪಗೊಳಿಸಿ, ಮತ್ತೆ ತೆಳ್ಳಗೆ ಮುಗಿಸುವುದು ಅದರಿಂದ ಆಗದು. ನಮ್ಮ ಮಕ್ಕಳು ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲವಾಡವನ್ನು ನೋಡಿ ಬಳ್ಳಿಸುರುಳಿಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದಾರೆ. ಅಲ್ಲಿಯದು ಮೆದುವಾದ ಬಳಪದ ಕಲ್ಲು, ಇಲ್ಲಿಯದು ತಾಮ್ರ, ನಿಜ. ಆದರೂ ಆ ಬಳ್ಳಿಯ ಏರಿಳಿತ ತಗಡಿನ ಮೇಲೆ ಬರಬೇಕಾದರೆ ಕೈಯಿಂದಲೇ ಬರಬೇಕು. ಈ ವರ್ಷ ಯಂತ್ರ ತರಿಸುವುದಿಲ್ಲ.

ಇದರ ಅರ್ಥ ಏನನ್ನೂ ಬದಲಿಸುವುದಿಲ್ಲ ಎಂದಲ್ಲ. ಇನ್ನು ಮುಂದೆ ಪ್ರತಿ ಮಗುವೂ ಕೆಲಸ ಆರಂಭಿಸುವ ಮುನ್ನ ಉಳಿಯ ತುದಿಯನ್ನು ಶಿಕ್ಷಕರಿಗೆ ತೋರಿಸಲೇಬೇಕು. ತಗಡನ್ನು ಕೈಯಲ್ಲಿ ಹಿಡಿದು ಕೆತ್ತುವುದಕ್ಕೆ ಅವಕಾಶವಿಲ್ಲ. ರಕ್ಷಣಾ ಕನ್ನಡಕ ಕಡ್ಡಾಯ, ಲೋಹದ ಚೂರುಗಳನ್ನು ಬಾಯಿಂದ ಊದದೆ ಬ್ರಷ್‌ನಿಂದ ಸರಿಸಬೇಕು. ಉಳಿಗಳನ್ನು ಎಣಿಸಿ ಬೀರುವಿನಲ್ಲಿಟ್ಟ ಮೇಲೆಯೇ ತರಗತಿ ಬಿಡುತ್ತದೆ. ತುದಿ ಮುರಿದರೆ ಮುಚ್ಚಿಡದೆ ಹೇಳಬೇಕೆಂದೂ, ಹೇಳಿದವರನ್ನು ಯಾರೂ ಬೈಯುವುದಿಲ್ಲವೆಂದೂ ಮಕ್ಕಳಿಗೆ ತಿಳಿಸಲಾಗಿದೆ. ಮನೆಯಲ್ಲಿ ತಾವೂ ಇದೇ ಮಾತನ್ನು ಹೇಳಿದರೆ ಒಳ್ಳೆಯದು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ ಎನಿಸಿದರೆ ಮನ್ನಿಸಿ, ಆದರೆ ಮಕ್ಕಳ ಬೆರಳಿನ ಕಾಳಜಿ ನಮಗೂ ಇರುವುದರಿಂದಲೇ ಉಳಿ ಹರಿತವಾಗಿರಬೇಕು ಎನ್ನುತ್ತಿದ್ದೇವೆ.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಶನಿವಾರದೊಳಗೆ ಕಳುಹಿಸಿಕೊಡಬೇಕಾಗಿ ವಿನಂತಿ.

ಒಪ್ಪಿಗೆ ಇಲ್ಲದವರ ಮಕ್ಕಳು ಆ ಅವಧಿಯಲ್ಲಿ ಚಿತ್ರಕಲೆಯ ತರಗತಿಗೆ ಹೋಗಬಹುದು, ಇದರಿಂದ ಅಂಕಗಳಿಗೆ ಯಾವ ತೊಂದರೆಯೂ ಇಲ್ಲ. ಅಭ್ಯಾಸಕ್ಕೆಂದು ಮನೆಯಲ್ಲಿ ಬೇರೆ ಉಳಿ ಕೊಡಿಸಬೇಡಿ. ಮಸೆದುಕೊಡುವವರಿಲ್ಲದ ಮನೆಯಲ್ಲಿ ಅದು ಬೇಗನೆ ಮೊಂಡಾಗುತ್ತದೆ.

ತಮ್ಮ ವಿಶ್ವಾಸದ,
ಮುಖ್ಯೋಪಾಧ್ಯಾಯರು
ಗದಗ